ಸದ್ದಿಲ್ಲದ ಟ್ಯಾಪೆಟ್‌ಗೇ ಹೆದರಬೇಕು: ಟ್ರ್ಯಾಕ್ಟರ್ ಟ್ಯಾಪೆಟ್ ಸೆಟ್ಟಿಂಗ್, ನನ್ನ ಅನುಭವ

ಕೋಲಾರದ ಕಡೆ ಮೊದಲ ಮಳೆ ಬಿದ್ದು ರೋಟಾವೇಟರ್ ಹೊಲಕ್ಕಿಳಿಯುವ ಮುಂಚೆಯೇ ಟ್ಯಾಪೆಟ್ ನೋಡಿಬಿಡಬೇಕು. ಟ್ಯಾಪೆಟ್ ಎಂದರೆ ಇಲ್ಲಿ ಎಂಜಿನ್‌ನ ವಾಲ್ವ್ ಕಾಂಡಕ್ಕೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಣ್ಣ ಗ್ಯಾಪ್. ನಾನು ಸುಮಾರು 500 ಗಂಟೆಗೊಮ್ಮೆ ನೋಡುತ್ತೇನೆ. ಟಿಕ್ ಟಿಕ್ ಸದ್ದು ಬಂದ ಮೇಲೆ ಕವರ್ ಬಿಚ್ಚುವವರೇ ಹೆಚ್ಚು. ಆದರೆ ಸದ್ದು ಮಾಡುವುದು ಸಡಿಲ ಟ್ಯಾಪೆಟ್. ಬಿಗಿ ಟ್ಯಾಪೆಟ್ ಸುಮ್ಮನಿದ್ದೇ ವಾಲ್ವ್ ಸುಡುತ್ತದೆ. ವಾಲ್ವ್ ತನ್ನ ಕಾವನ್ನು ಬಹುಪಾಲು ಬಿಟ್ಟುಕೊಡುವುದು ಸೀಟಿನ ಮೇಲೆ ಕೂತಾಗ. ಗ್ಯಾಪ್ ಇಲ್ಲದಿದ್ದರೆ ಅದು ಪೂರ್ತಿ ಕೂರುವುದಿಲ್ಲ. ಎಕ್ಸಾಸ್ಟ್ ವಾಲ್ವ್‌ನ ಅಂಚು ಮೊದಲು ಸುಡುತ್ತದೆ, ಕಂಪ್ರೆಷನ್ ಬಿದ್ದು ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟವಾಗುತ್ತದೆ. ಸೀಟು ಸವೆದಷ್ಟೂ ಗ್ಯಾಪ್ ಕಡಿಮೆಯಾಗುತ್ತದೆ ಎಂಬುದನ್ನು ಮರೆಯಬಾರದು.

ಇಲ್ಲಿ ಹೇಳುವ ಅಳತೆ ಪರ್ಕಿನ್ಸ್ 3.152 ಮಾದರಿಯ ಮೂರು ಸಿಲಿಂಡರ್ ಡೀಸೆಲ್ ಎಂಜಿನ್‌ನದು: ತಣ್ಣಗಿರುವಾಗ ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ 0.30 ಮಿ.ಮೀ., ಅಂದರೆ 12 ಥೌ (ಇಂಚಿನ ಸಾವಿರದ 12 ಭಾಗ). ಬೇರೆ ಎಂಜಿನ್ ಆದರೆ ಅದರ ಪುಸ್ತಕದ ಅಳತೆಯನ್ನೇ ಹಿಡಿಯಿರಿ. ರಾತ್ರಿಯೆಲ್ಲ ನಿಂತ ಎಂಜಿನ್ ಮೇಲೆ ಬೆಳಿಗ್ಗೆ ಕೆಲಸ ಮಾಡುವುದು ಒಳ್ಳೆಯದು. ಕವರ್ ಸುತ್ತಲಿನ ಕೆಮ್ಮಣ್ಣಿನ ಧೂಳನ್ನು ಡೀಸೆಲ್ ಬಟ್ಟೆಯಿಂದ ಒರೆಸಿದ ಮೇಲೇ ಬಿಚ್ಚಬೇಕು. ಹೆಡ್ ಬೋಲ್ಟ್ ಟೈಟ್ ಮಾಡುವುದಿದ್ದರೆ ಅದು ಮೊದಲು, ಟ್ಯಾಪೆಟ್ ಆಮೇಲೆ. ಹೆಡ್ ಕೂತಷ್ಟೂ ಗ್ಯಾಪ್ ಕಡಿಮೆಯಾಗುತ್ತದೆ.

ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಸ್ಟಾಪ್ ನಾಬ್ ಎಳೆದು, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸುತ್ತೇನೆ. ಫ್ಯಾನ್ ಹಿಡಿದು ತಿರುಗಿಸಬೇಡಿ. ಹೆಚ್ಚು ಜನ ತಪ್ಪುವುದು ಮುಂದಿನ ಹಂತದಲ್ಲಿ. ನಾಲ್ಕು ಸಿಲಿಂಡರ್‌ನಲ್ಲಿ ನಾಲ್ಕನೆಯದರ ವಾಲ್ವ್‌ಗಳನ್ನು ನೋಡಿ ಒಂದನೆಯದನ್ನು ಸೆಟ್ ಮಾಡುತ್ತಾರೆ. ಮೂರು ಸಿಲಿಂಡರ್‌ನಲ್ಲಿ ಅಂಥ ಜೋಡಿ ಇಲ್ಲ. ಹಾಗಾಗಿ ಸೆಟ್ ಮಾಡುವ ಸಿಲಿಂಡರನ್ನೇ, ಮೊದಲು ಒಂದನೆಯದನ್ನು, ನೋಡಬೇಕು: ಎಕ್ಸಾಸ್ಟ್ ರಾಕರ್ ಮೇಲೆ ಬಂದು ಮುಗಿಯುತ್ತಿದ್ದಂತೆ ಇನ್‌ಲೆಟ್ ರಾಕರ್ ಒತ್ತಲು ಶುರುಮಾಡುವ ಜಾಗದಲ್ಲಿ ನಿಲ್ಲಿಸಿ, ಪುಲ್ಲಿಗೆ ಸೀಮೆಸುಣ್ಣದ ಗೆರೆ ಹಾಕಿ, ಸರಿಯಾಗಿ ಒಂದು ಸುತ್ತು ತಿರುಗಿಸಿ. ಈಗ ಪಿಸ್ಟನ್ ಕಂಪ್ರೆಷನ್‌ನ ಮೇಲ್ತುದಿಯಲ್ಲಿದೆ, ಎರಡೂ ರಾಕರ್ ಸಡಿಲ. ಆ ಎರಡನ್ನು ಸೆಟ್ ಮಾಡಿ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-2-3. ಇಲ್ಲಿಂದ 240 ಡಿಗ್ರಿಗೆ ಎರಡನೆಯದು, ಮತ್ತೆ 240ಕ್ಕೆ ಮೂರನೆಯದು.

ಲಾಕ್ ನಟ್ ಸಡಿಲಿಸಿ, ಫಿಲ್ಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಉಕ್ಕಿನ ಎಲೆ) ತೂರಿಸಿ, ಸ್ಕ್ರೂಡ್ರೈವರ್‌ನಿಂದ ತಿರುಗಿಸಿ. ಎಲೆ ಎಳೆದರೆ ತುಸು ಉಜ್ಜಿಕೊಂಡು ಬರಬೇಕು, ಸಿಕ್ಕಿಕೊಳ್ಳಬಾರದು. ನಟ್ ಬಿಗಿಯುವಾಗ ಸ್ಕ್ರೂ ತಾನೂ ಒಂದಿಷ್ಟು ತಿರುಗುತ್ತದೆ, ಆದ್ದರಿಂದ ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದು ಬಿಗಿದು, ಮತ್ತೆ ಅಳೆಯಲೇಬೇಕು. ಅಳೆದು ತೆಗೆದ ಮೇಲೆ 0.35ರ ಎಲೆ ಹೋಗಬಾರದು. ಇದು ನನ್ನ ಖಾತ್ರಿ.

ಎಷ್ಟು ಸರಿಮಾಡಿದರೂ ಸದ್ದು ಹೋಗದಿದ್ದರೆ ರಾಕರ್ ತುದಿ ನೋಡಿ. ಅಲ್ಲಿ ವಾಲ್ವ್ ಕಾಂಡ ಕುಟ್ಟಿ ಗುಳಿ ಬಿದ್ದಿರುತ್ತದೆ. ಚಪ್ಪಟೆ ಎಲೆ ಆ ಗುಳಿಯ ಎರಡೂ ದಡದ ಮೇಲೆ ಕೂರುತ್ತದೆ, ಗುಳಿ 0.10 ಇದ್ದರೆ ಎಲೆ 0.30 ಎಂದರೂ ನಿಜವಾದ ಗ್ಯಾಪ್ 0.40. ಸದ್ದು ಅಡಗಿಸಲೆಂದು ಸ್ಕ್ರೂ ಒತ್ತುವುದು ವಾಲ್ವ್ ಸುಡುವ ದಾರಿ. ರಾಕರ್ ಗ್ರೈಂಡ್ ಮಾಡಿಸಿ, ಇಲ್ಲವೇ ಬದಲಿಸಿ. ರಾಕರ್ ಎತ್ತುವ ಕಡ್ಡಿ, ಅಂದರೆ ಪುಶ್‌ರಾಡ್, ಡೊಂಕಾಗಿದೆಯೇ ಎಂದು ಗಾಜಿನ ಮೇಲೆ ಉರುಳಿಸಿದರೆ ತಿಳಿಯುತ್ತದೆ.

ಕವರ್ ಮುಚ್ಚುವ ಮುಂಚೆ ಎರಡು ನಿಮಿಷ ಐಡಲ್‌ನಲ್ಲಿ ಓಡಿಸಿ, ಎಲ್ಲ ರಾಕರ್‌ಗೂ ಆಯಿಲ್ ಬರುತ್ತಿದೆಯೇ ನೋಡುತ್ತೇನೆ. ಕಾರ್ಕ್ ಪ್ಯಾಕಿಂಗ್ ಹಿಂಡುವಷ್ಟು ಬಿಗಿಯಬೇಡಿ, ಒಡೆದು ಸೋರುತ್ತದೆ.

ಇದೇ ಗೇಜ್ ಹಿಡಿದು ಯುಸಿಇ (ಯೂನಿಟ್ ಕನ್‌ಸ್ಟ್ರಕ್ಷನ್ ಎಂಜಿನ್) ಇರುವ ಬುಲೆಟ್ ಬೈಕ್‌ಗೆ ಕೈ ಹಾಕಬೇಡಿ. ಅದರಲ್ಲಿ ಹೈಡ್ರಾಲಿಕ್ ಲಿಫ್ಟರ್, ಆಯಿಲ್ ಒತ್ತಡವೇ ಗ್ಯಾಪ್ ತುಂಬುತ್ತದೆ, ಹೊಂದಿಸುವ ಸ್ಕ್ರೂ ಇಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಒಂದಿಷ್ಟು ಸದ್ದಾಗಿ ನಿಂತರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೊದಲು ಆಯಿಲ್ ಮಟ್ಟ, ಗ್ರೇಡ್ ನೋಡಿ, ಲಿಫ್ಟರ್ ಆಮೇಲೆ.