ವಜ್ರವೋ ಮೊಯ್ಸನೈಟೋ: ಓಲೆಗೆ ಕಲ್ಲು ಆರಿಸುವ ಮುನ್ನ

ಏಳು ಕಲ್ಲಿನ ಓಲೆಗೋ ಉಂಗುರಕ್ಕೋ ವಜ್ರದ ಬದಲು ಮೊಯ್ಸನೈಟ್ ಕೂರಿಸುವುದಾದರೆ ಕ್ಯಾರೆಟ್ ತೂಕ ಬಿಟ್ಟು ಮಿಲಿಮೀಟರ್ ಲೆಕ್ಕ ಕೇಳಿ. ಪ್ರಯೋಗಾಲಯದಲ್ಲಿ ಬೆಳೆಸುವ ಈ ಸಿಲಿಕಾನ್ ಕಾರ್ಬೈಡ್ ಕಲ್ಲು ವಜ್ರಕ್ಕಿಂತ ಹಗುರ. 6.5 ಮಿ.ಮೀ. ದುಂಡು ವಜ್ರ ಸುಮಾರು 1 ಕ್ಯಾರೆಟ್ ತೂಗಿದರೆ ಅದೇ ಅಳತೆಯ ಮೊಯ್ಸನೈಟ್ 0.9ರ ಆಸುಪಾಸು. ತೂಕ ಸರಿದೂಗಿಸಿ ತಂದ ಕಲ್ಲು ವಜ್ರಕ್ಕೆಂದು ಮಾಡಿದ ಕಟ್ಟಿನಲ್ಲಿ ಕೂರುವುದಿಲ್ಲ.

ಹೊಳಪನ್ನು ಅಂಗಡಿಯ ದೀಪದಡಿ ಅಳೆಯಬೇಡಿ, ಅಲ್ಲಿ ಗಾಜೂ ಮಿನುಗುತ್ತದೆ. ಎರಡೂ ಕಲ್ಲನ್ನು ಬಾಗಿಲ ಬಳಿಯ ಹಗಲು ಬೆಳಕಿಗೆ ತನ್ನಿ. ಬೆಳಕನ್ನು ಬಣ್ಣಗಳಾಗಿ ಒಡೆಯುವ ಗುಣ ವಜ್ರದಲ್ಲಿ 0.044, ಮೊಯ್ಸನೈಟ್‌ನಲ್ಲಿ 0.104. ಹಾಗಾಗಿ ದೊಡ್ಡ ಮೊಯ್ಸನೈಟ್ ಕಾಮನಬಿಲ್ಲು ಚೆಲ್ಲುತ್ತದೆ. ಕೆಲವರಿಗೆ ಅದೇ ಇಷ್ಟ, ಕೆಲವರ ಕಣ್ಣಿಗೆ ಅತಿ. ಓಲೆಯ 3 ಮಿ.ಮೀ. ಕಲ್ಲಿನಲ್ಲಿ ಈ ವ್ಯತ್ಯಾಸ ಅಷ್ಟು ಎದ್ದು ಕಾಣದು. ಅದಕ್ಕೇ ಓಲೆ, ಮೂಗುತಿಗೆ ಮೊಯ್ಸನೈಟ್ ಒಳ್ಳೆಯ ಆಯ್ಕೆ ಎನ್ನುತ್ತೇವೆ. ಅದರ ಗಡಸುತನ 10ರ ಮೋಹ್ಸ್ ಮಾಪಕದಲ್ಲಿ 9.25, ದಿನಬಳಕೆಗೆ ಧಾರಾಳ ಸಾಕು. ಆದರೆ ವಜ್ರದ ಗಡಸುತನ 10, ಒಂದೇ ಡಬ್ಬಿಯಲ್ಲಿಟ್ಟರೆ ಮೊಯ್ಸನೈಟ್‌ಗೆ ಗೀರು ಬೀಳುತ್ತದೆ.

ಕಲ್ಲಿಗೆ ತಾಗಿಸಿ ಶಾಖ ಸಾಗುವುದನ್ನು ಅಳೆಯುವ ಪರೀಕ್ಷಾ ಪೆನ್ನು ‘ವಜ್ರ’ ಎಂದು ಬೀಪ್ ಮಾಡಿದರೆ ನಂಬಿ ಕೂರಬೇಡಿ. ಮೊಯ್ಸನೈಟ್ ಕೂಡ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ, ಪೆನ್ನು ಮೋಸ ಹೋಗುವುದು ಅಲ್ಲೇ. ಕಟ್ಟುವ ಮುನ್ನ, ಕಲ್ಲು ಬಿಡಿಯಾಗಿರುವಾಗಲೇ 10 ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ (ಆಭರಣದವರ ಭೂತಗನ್ನಡಿ) ಹಿಡಿಯಿರಿ. ಮೊಯ್ಸನೈಟ್ ತನ್ನೊಳಗಿನ ಅಂಚುಗಳನ್ನು ಜೋಡಿ ಗೆರೆಯಾಗಿ ತೋರಿಸುತ್ತದೆ, ವಜ್ರ ತೋರಿಸುವುದಿಲ್ಲ. ನೇರ ಮೇಲಿಂದ ನೋಡಿದರೆ ಏನೂ ತಿಳಿಯದು, ಏಕೆಂದರೆ ಕಲ್ಲನ್ನು ಸಾಮಾನ್ಯವಾಗಿ ಆ ದಿಕ್ಕಿನಲ್ಲಿ ಜೋಡಿ ಗೆರೆ ಕಾಣದಂತೆ ಕತ್ತರಿಸಿರುತ್ತಾರೆ. ಸ್ವಲ್ಪ ಓರೆ ಮಾಡಿ, ಮೇಲ್ಭಾಗದ ಇಳಿಜಾರು ಮುಖದ ಮೂಲಕ ತಳದ ಅಂಚುಗಳನ್ನು ದಿಟ್ಟಿಸಿ. ಒಂದೊಂದು ಗೆರೆಯೂ ಎರಡಾಗಿ ಕಂಡರೆ ಅದು ವಜ್ರವಲ್ಲ. ಒಂದು ಕೋನದಲ್ಲಿ ಕಾಣದಿದ್ದರೆ ಕಲ್ಲು ತಿರುಗಿಸಿ ಮತ್ತೆ ನೋಡಿ. ಹಿಂಬದಿ ಮುಚ್ಚಿದ ಕಟ್ಟಿನಲ್ಲಿ ಈ ಪರೀಕ್ಷೆ ಕಷ್ಟ.

ಲ್ಯಾಬ್‌ನಲ್ಲಿ ಬೆಳೆದ ವಜ್ರದ ವಿಷಯ ಬೇರೆ. ಅದು ವಜ್ರವೇ, ಲೂಪಿಗೂ ಪೆನ್ನಿಗೂ ಸಿಗದು, ಪ್ರಯೋಗಾಲಯದ ವರದಿಯೇ ಬೇಕು.

ಬಿಲ್ಲಿನಲ್ಲಿ ಕಲ್ಲಿನ ಹೆಸರು, ಅಳತೆ, ತೂಕ ಬೇರೆಯಾಗಿ ಬರೆಸಿ. ಹಾಲ್‌ಮಾರ್ಕ್ ಚಿನ್ನಕ್ಕೆ, ಕಲ್ಲಿಗಲ್ಲ. 1 ಕ್ಯಾರೆಟ್ ಅಂದರೆ 0.2 ಗ್ರಾಂ, ಜೋಡಿ ಓಲೆಯ 14 ಕಲ್ಲು ಕಾಲು ಗ್ರಾಂ ದಾಟಬಹುದು. ಒಟ್ಟು ತೂಕದಲ್ಲಿ ಅದನ್ನು ಕಳೆಯದಿದ್ದರೆ ಕಲ್ಲಿಗೂ ಚಿನ್ನದ ದರ ಕೊಟ್ಟಂತೆ. ಮರಳಿ ಕೊಂಡರೆ ಕಲ್ಲಿಗೆ ಎಷ್ಟು ಕೊಡುತ್ತಾರೆಂದೂ ಆಗಲೇ ಕೇಳಿ, ಮೊಯ್ಸನೈಟ್‌ಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಮೊಯ್ಸನೈಟ್ ಮೇಲೆ ಬಣ್ಣಬಣ್ಣದ ಎಣ್ಣೆಪದರದಂಥ ಮಸುಕು ಕಂಡರೆ ಪಾಲಿಶ್ ಬಟ್ಟೆಯಿಂದ ಉಜ್ಜಿ. ಮುಚ್ಚಿದ ಕಟ್ಟಿನ ಓಲೆಯನ್ನು ಸೋಪು ನೀರಿನಲ್ಲಿ ನೆನೆಸಬೇಡಿ. ಒಳಗೆ ಇಳಿದ ನೀರು ಹಿಂದಿನಿಂದಲೇ ಕಲ್ಲನ್ನು ಮಂಕಾಗಿಸುತ್ತದೆ.