ಕಥೆಯ ಪುಟ್ಟ ದೇಶಕ್ಕೆ ಸೈನ್ಯ ಕಟ್ಟೋದು ಹೇಗೆ

ಕಾದಂಬರಿಗೋ ಗೇಮಿಗೋ ಪುಟ್ಟ ದೇಶ ಕಟ್ತಿದೀರಾ, ಹಾಗಾದ್ರೆ ಮೊದ್ಲೇ ಟ್ಯಾಂಕು, ಜೆಟ್ಟು ಅಂತ ಲಿಸ್ಟ್ ಬರೆಯೋಕೆ ಕೂರ್ಬೇಡಿ, ಜನಸಂಖ್ಯೆ ಎಷ್ಟು ಅಂತ ಬರ್ಕೊಳ್ಳಿ. 5 ಲಕ್ಷ ಜನ ಇದ್ರೆ ನೂರಕ್ಕೊಬ್ರಂತೆ ಸಿಗೋದು 5,000, ಅದ್ರಲ್ಲೇ ಅಡುಗೆಯವ್ರು, ಡ್ರೈವರ್‌ಗಳು, ಗುಮಾಸ್ತರು, ಡಾಕ್ಟ್ರು ಎಲ್ಲಾ ಬಂದ್ರು, ಗಡೀಲಿ ಬಂದೂಕು ಹಿಡ್ದು ನಿಲ್ಲೋರು ಅದಕ್ಕಿಂತ ತುಂಬಾ ಕಮ್ಮಿ.

ಆಮೇಲೆ ಕೆಳಗಿಂದ ಕಟ್ಟಿ. ಸುಮಾರು 10 ಜನಕ್ಕೆ ಸೆಕ್ಷನ್, ಮೂರು ಸೆಕ್ಷನ್ ಪ್ಲಟೂನ್, ಮೂರು ಪ್ಲಟೂನ್ ಕಂಪನಿ, ನಾಲ್ಕು ಕಂಪನಿ ಸೇರಿದ್ರೆ ಬೆಟಾಲಿಯನ್. ಅಂಥಾ ನಾಲ್ಕೈದು ಸಾಕು, ದಯವಿಟ್ಟು ಇಪ್ಪತ್ತು ಜನರಲ್‌ಗಳನ್ನ ಇಡ್ಬೇಡಿ.

ಇತಿಹಾಸಕ್ಕೆ ಭೂತಾನ್ ನೋಡಿ, ನಂಗಂತೂ ಇದಕ್ಕಿಂತ ಒಳ್ಳೇ ಮಾದರಿ ಸಿಕ್ಕಿಲ್ಲ. ಸಮುದ್ರ ಇಲ್ಲ, ಹಾಗಾಗಿ ನೌಕಾಪಡೇನೂ ಇಲ್ಲ, ಟ್ರೈನಿಂಗ್ ಕೊಡೋಕೆ ಭಾರತದ ಸೇನಾ ತಂಡ ಅಲ್ಲಿನ ‘ಹಾ’ ಅನ್ನೋ ಕಣಿವೇಲಿ ಇದೆ, ಆದ್ರೂ 2003ರ ಡಿಸೆಂಬರಲ್ಲಿ ದಕ್ಷಿಣದ ಕಾಡಲ್ಲಿ ಸೇರ್ಕೊಂಡಿದ್ದ ಅಸ್ಸಾಮಿನ ಉಲ್ಫಾದಂಥ ಉಗ್ರರ ಕ್ಯಾಂಪ್‌ಗಳನ್ನ ಭೂತಾನಿನ ಸೈನ್ಯಾನೇ ಖಾಲಿ ಮಾಡಿಸ್ತು. ಇನ್ನೊಂದು, ನಿವೃತ್ತ ಸೈನಿಕರ ಕ್ಷೇಮಕ್ಕೆ ಅಂತ ಅಲ್ಲಿ ಸೈನ್ಯದ್ದೇ ಮದ್ಯದ ಡಿಸ್ಟಿಲರಿ ನಡೀತದೆ! ನಿಮ್ಮ ಸೈನ್ಯಕ್ಕೂ ದುಡ್ಡು ಎಲ್ಲಿಂದ ಬರುತ್ತೆ, ಕಲಿಸೋರು ಯಾರು, ನಿಜವಾಗ್ಲೂ ಗುಂಡು ಹಾರಿದ ದಿನ ಯಾವ್ದು, ಈ ಮೂರನ್ನ ಬರೆದಿಟ್ಕೊಂಡೇ ಯೂನಿಫಾರ್ಮ್ ಬಣ್ಣಕ್ಕೆ ಕೈ ಹಾಕಿ.