ಚದರಕ್ಕೆ ಎಷ್ಟು ಮೂಟೆ ಸಿಮೆಂಟ್? ಸಂದು ಅಳೆದು ಹೇಳಿ

ಗೋಡೆ ಕಟ್ಟಿಸುವಾಗ ಒಬ್ಬ ಮೇಸ್ತ್ರಿ ‘ಚದರಕ್ಕೆ ಒಂದು ಮೂಟೆ ಸಾಕು’ ಅಂತಾರೆ (ಒಂದು ಚದರ ಅಂದರೆ 100 ಚದರ ಅಡಿ). ಇನ್ನೊಬ್ಬರು ‘ಎರಡು ತರಿಸಿಬಿಡಿ ಸಾರ್’ ಅಂತಾರೆ. ಇಬ್ಬರಲ್ಲಿ ಯಾರನ್ನು ನಂಬೋದು? ಇಬ್ಬರ ಮಾತೂ ನಿಜ ಇರಬಹುದು. ಒಂದು ಕಾಗದ, ಪೆನ್ನು ತಗೊಳ್ಳಿ. ನೋಡೇಬಿಡೋಣ.

30×40 ಸೈಟಿನ ಉದ್ದದ ಬದಿಗೆ ಕಾಂಪೌಂಡ್ ಕಟ್ಟುತ್ತೀರಿ ಅಂದುಕೊಳ್ಳಿ. 40 ಅಡಿ ಉದ್ದ, 5 ಅಡಿ ಎತ್ತರ. ಅಂದರೆ 200 ಚದರ ಅಡಿ, ಮೇಸ್ತ್ರಿ ಲೆಕ್ಕದಲ್ಲಿ 2 ಚದರ. 6 ಇಂಚಿನ ಸಾಲಿಡ್ ಬ್ಲಾಕ್. ಗೋಡೆಯ ದಪ್ಪ ಅರ್ಧ ಅಡಿ ಆದ್ದರಿಂದ ಒಟ್ಟು ಗಾತ್ರ 100 ಘನ ಅಡಿ. (ಮಧ್ಯೆ ಪಿಲ್ಲರ್, ಗೇಟು ಇದ್ದರೆ ಅಷ್ಟನ್ನು ಕಳೆಯಿರಿ.)

ಮೊದಲು ಬ್ಲಾಕ್. ಅದರ ಮುಖ 16×8 ಇಂಚು. ಬ್ಲಾಕುಗಳ ನಡುವೆ ಗಾರೆ ತುಂಬುವ ಸಂದಿಗೆ ಅರ್ಧ ಇಂಚು ಸೇರಿಸಿದರೆ ಒಂದು ಬ್ಲಾಕ್ ಗೋಡೆಯಲ್ಲಿ ಹಿಡಿಯುವ ಜಾಗ 16.5×8.5 ಇಂಚು. 200 ಚದರ ಅಡಿಗೆ ಸುಮಾರು 205 ಬ್ಲಾಕ್. ಒಡೆಯುವುದಕ್ಕೆ, ಕತ್ತರಿಸುವುದಕ್ಕೆ ಹತ್ತು ಜಾಸ್ತಿ ತರಿಸಿ.

ಈಗ ಗಾರೆ. ಒಂದು ಬ್ಲಾಕಿನ ಗಾತ್ರ 0.444 ಘನ ಅಡಿ. 205 ಬ್ಲಾಕ್ ಸೇರಿ 91 ಘನ ಅಡಿ ಆಯಿತು. 100ರಲ್ಲಿ ಅದನ್ನು ಕಳೆದರೆ ಉಳಿಯೋದು 9. ಸಂದುಗಳನ್ನು ತುಂಬುವ ಗಾರೆ ಅಷ್ಟೇ. ಆದರೆ ಕರಣೆಯಿಂದ ಜಾರಿ ನೆಲಕ್ಕೆ ಬೀಳೋದಿದೆ, ಬಾಂಡ್ಲಿಯಲ್ಲೇ ಒಣಗೋದಿದೆ. ನಾನು ಇದಕ್ಕೆ ನೂರಕ್ಕೆ ಇಪ್ಪತ್ತು ಸೇರಿಸುತ್ತೇನೆ. ಹೀಗಾಗಿ 11.

ಇಲ್ಲೇ ಹಲವರು ಎಡವೋದು. 11 ಘನ ಅಡಿ ಗಾರೆ ಬೇಕಾದರೆ 11 ಘನ ಅಡಿ ಸಿಮೆಂಟ್ ಮತ್ತು ಮರಳು ಸಾಲದು. ಮರಳಿನ ಕಣಗಳ ನಡುವೆ ಖಾಲಿ ಜಾಗ ಇರುತ್ತದೆ. ನೀರು ಹಾಕಿ ಕಲಸಿದಾಗ ಸಿಮೆಂಟ್ ಅಲ್ಲಿಗೆ ಇಳಿದು ರಾಶಿ ಕುಗ್ಗುತ್ತದೆ. ಅದಕ್ಕೇ 1.3ರಿಂದ ಗುಣಿಸಬೇಕು. ಸುಮಾರು 14 ಘನ ಅಡಿ ಒಣ ಸಾಮಾನು ಬೇಕು.

‘ಒಂದಕ್ಕೆ ಆರು’, ಅಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಹಾಕಿದರೆ ಒಟ್ಟು ಏಳು ಪಾಲು. 14ನ್ನು 7ರಿಂದ ಭಾಗಿಸಿ: ಸಿಮೆಂಟ್ 2 ಘನ ಅಡಿ, ಮರಳು 12. 50 ಕೆ.ಜಿ. ಮೂಟೆಯಲ್ಲಿ 1.25 ಘನ ಅಡಿ ಸಿಮೆಂಟ್ ಇರುತ್ತದೆ. ಹಾಗಾಗಿ 1.6 ಮೂಟೆ, ಅಂಗಡಿಯಿಂದ ತರೋದು ಎರಡು. ಚದರಕ್ಕೆ ಒಂದು ಎಂದ ಮೇಸ್ತ್ರಿ ಗೆದ್ದರು!

ಇರಿ. ಸಂದು ಅರ್ಧ ಇಂಚಿನ ಬದಲು ಮುಕ್ಕಾಲು ಇಂಚಾದರೆ? ಬ್ಲಾಕ್ 197ಕ್ಕೆ ಇಳಿಯುತ್ತದೆ, ಸಂದಿನ ಗಾರೆ ಮಾತ್ರ 9ರಿಂದ 12.7ಕ್ಕೆ ಏರುತ್ತದೆ. ಅದರ ಜೊತೆ ಒಂದಕ್ಕೆ ನಾಲ್ಕು ಕಲಸಿದರೆ ಇದೇ ಗೋಡೆಗೆ 3 ಮೂಟೆ ದಾಟುತ್ತದೆ. ‘ಎರಡು ತರಿಸಿ’ ಎಂದವರು ಸುಮ್ನೆ ಹೇಳಿರಲಿಲ್ಲ, ಅಲ್ವಾ? ಬ್ಲಾಕುಗಳ ಅಂಚು ಡೊಂಕಾಗಿದ್ದರೆ ಸಂದು ದಪ್ಪ ಮಾಡದೆ ಅವರಿಗೂ ಬೇರೆ ದಾರಿಯಿಲ್ಲ. ಬ್ಲಾಕ್ ಆರಿಸುವಾಗಲೇ ಇದನ್ನು ನೋಡಿಕೊಳ್ಳಿ.

ಇನ್ನು ಮರಳಿನ ಮೋಸ. ಒದ್ದೆ ಮರಳು ಉಬ್ಬುತ್ತದೆ. ಪರೀಕ್ಷೆ ಸುಲಭ. ಗಾಜಿನ ಜಾಡಿಯಲ್ಲಿ ಒದ್ದೆ ಮರಳನ್ನು 20 ಸೆಂ.ಮೀ. ತುಂಬಿ. ಅದನ್ನು ತೆಗೆದಿಟ್ಟು, ಜಾಡಿಗೆ ಅರ್ಧ ನೀರು ಹಾಕಿ, ಮರಳನ್ನು ವಾಪಸ್ ಸುರಿದು ಕಲಕಿ. ಕೆಳಗೆ ಕೂತ ಮೇಲೆ 16 ಸೆಂ.ಮೀ. ಬಂದರೆ ಉಬ್ಬು ನೂರಕ್ಕೆ 25. ಆಗ ಆರು ಪಾಲಿನ ಜಾಗದಲ್ಲಿ ಏಳೂವರೆ ಪಾಲು ಹಾಕಬೇಕು, 12 ಘನ ಅಡಿಯ ಬದಲು 15 ತರಿಸಬೇಕು. ಟನ್ ಲೆಕ್ಕದಲ್ಲಿ ಕೊಂಡರೆ ನೀರಿಗೂ ದುಡ್ಡು ಕೊಟ್ಟ ಹಾಗೆ.

ಬಾಂಡ್ಲಿಯಲ್ಲಿ ಅಳೆದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆ. ಒಳಗಡೆ 40×35×25 ಸೆಂ.ಮೀ. ಬರುವ ಪೆಟ್ಟಿಗೆ ಮಾಡಿಸಿ. ಒಂದು ಮೂಟೆ ಸಿಮೆಂಟ್ ಅದರಲ್ಲಿ ಸರಿಯಾಗಿ ಕೂರುತ್ತದೆ. ಮೂಟೆಗೆ ಆರು ಪೆಟ್ಟಿಗೆ ಒಣ ಮರಳು, ಲೆಕ್ಕ ಮುಗಿಯಿತು. ಎರಡು ಗಂಟೆಯಲ್ಲಿ ಖರ್ಚಾಗುವಷ್ಟೇ ಕಲಸಿಸಿ.

ನಾಲ್ಕು ವರಸೆ (ಬ್ಲಾಕಿನ ಸಾಲು) ಎದ್ದ ಮೇಲೆ ತಳದ ಸಂದಿನಿಂದ ಟೇಪ್ ಹಿಡಿಯಿರಿ. 34 ಇಂಚು ಬಂದರೆ ಸಂದು ಅರ್ಧ ಇಂಚೇ ಇದೆ, ಎರಡು ಮೂಟೆ ಸಾಕು. 35 ಬಂದರೆ ಸಂದು ಮುಕ್ಕಾಲು ಇಂಚಾಗಿದೆ, ಮೂರನೆಯದಕ್ಕೆ ಆಗಲೇ ಅಂಗಡಿಗೆ ಫೋನ್ ಮಾಡಿ.